ಎದುರಾಳಿಯ ಚೀಟಿ

ಹೆಣ್ಣುಮಕ್ಕಳಿಗೆ ಮಾತು ಜಾಸ್ತಿ ಎಂಬ ದೂರು ನಮ್ಮ ಸಮಾಜದಲ್ಲಿ ಬಹಳ ಹಳೆಯದು. ಈ ದೂರು ಹೇಳುವವರು ಒಮ್ಮೆ ಯಾವುದಾದರೂ ಶಾಲೆಯ ಸಭೆಗೆ ಬಂದು ನೋಡಬೇಕು. ಅಡುಗೆಮನೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿಯನ್ನು ಮೈಕಿನ ಮುಂದೆ ನಿಲ್ಲಿಸಿ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಲು ಆರಂಭಿಸುತ್ತಾಳೆ. ಮನೆಯೊಳಗೆ ಮಾತಾಡುವುದು ಬೇರೆ, ನಾಲ್ಕು ಜನರ ಮುಂದೆ ತನ್ನ ಅಭಿಪ್ರಾಯವನ್ನು ಕಾರಣಸಹಿತ ಮಂಡಿಸುವುದು ಬೇರೆ. ಮೊದಲನೆಯದನ್ನು ಅವಳು ತಾನಾಗಿಯೇ ಕಲಿಯುತ್ತಾಳೆ. ಎರಡನೆಯದನ್ನು ನಾವು ಕಲಿಸಬೇಕು.

ನಾನು ಓದಿದ್ದು ಮದ್ರಸದಲ್ಲಿ. ನಂತರ ದೂರಶಿಕ್ಷಣದ ಮೂಲಕ ಬಿ.ಎ. ಮುಗಿಸಿದೆ. ಈಗ ಮಕ್ಕಳಿಗೆ ದೀನಿಯಾತ್ ಮತ್ತು ಸಮಾಜ ವಿಜ್ಞಾನ ಎರಡನ್ನೂ ಕಲಿಸುತ್ತಿದ್ದೇನೆ. ಕೆಲವು ವರ್ಷಗಳಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ನನ್ನಂತಹ ಕೆಲವು ಶಿಕ್ಷಕಿಯರು ಸೇರಿ, ಮಳೆಗಾಲ ಮುಗಿದ ಮೇಲೆ ಮಕ್ಕಳನ್ನು ಒಂದು ಕಡೆ ಕೂಡಿಸಿ ಅಣಕು ಸಭೆಗಳನ್ನು ನಡೆಸುತ್ತಿದ್ದೇವೆ. ಏಳನೇ ತರಗತಿಯಿಂದ ಪಿಯುಸಿ ತನಕದ ಮಕ್ಕಳು ಬರುತ್ತಾರೆ. ಮುಸ್ಲಿಮ್ ಮಕ್ಕಳೂ ಇರುತ್ತಾರೆ, ಅವರ ಶಾಲೆಯ ಹಿಂದೂ, ಕ್ರೈಸ್ತ ಗೆಳೆಯ ಗೆಳತಿಯರೂ ಇರುತ್ತಾರೆ. ಈ ಅನುಭವದಿಂದ ತಿಳಿದ ಕೆಲವು ವಿಷಯಗಳನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಅಣಕು ಸಭೆ ಎಂದರೇನು?

ಮಕ್ಕಳು ಸಂಸದರಾಗಿ, ಮಂತ್ರಿಗಳಾಗಿ, ರಾಯಭಾರಿಗಳಾಗಿ ಕುಳಿತು ಒಂದು ನಿಜವಾದ ಸಮಸ್ಯೆಯ ಬಗ್ಗೆ ಚರ್ಚಿಸಿ ತೀರ್ಮಾನಕ್ಕೆ ಬರುವುದೇ ಅಣಕು ಸಭೆ. ಇದು ಹೊಸತೇನೂ ಅಲ್ಲ. 1920ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಆಗಿನ ರಾಷ್ಟ್ರಗಳ ಒಕ್ಕೂಟದ ಮಾದರಿಯಲ್ಲಿ ಸಭೆ ನಡೆಸುತ್ತಿದ್ದರು. ವಿಶ್ವಸಂಸ್ಥೆ ಸ್ಥಾಪನೆಯಾದ ಮೇಲೆ ಅದು ಮಾದರಿ ವಿಶ್ವಸಂಸ್ಥೆ ಎಂಬ ರೂಪ ಪಡೆಯಿತು. ಹಾರ್ವರ್ಡ್‌ನಲ್ಲಿ 1950ರ ದಶಕದಿಂದ, ಹೇಗ್ ನಗರದಲ್ಲಿ 1968ರಿಂದ ಇಂತಹ ಸಮ್ಮೇಳನಗಳು ನಡೆಯುತ್ತಿವೆ. ನಮ್ಮ ದೇಶದಲ್ಲಿ ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯವು 1966-67ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಯುವ ಸಂಸತ್ ಸ್ಪರ್ಧೆಯನ್ನು ಆರಂಭಿಸಿತು. ನಂತರ ಅದು ಕೇಂದ್ರೀಯ ವಿದ್ಯಾಲಯಗಳಿಗೂ ನವೋದಯ ವಿದ್ಯಾಲಯಗಳಿಗೂ ಹಬ್ಬಿತು. ನಮ್ಮ ರಾಜ್ಯದಲ್ಲೂ ತಾಲೂಕು, ಜಿಲ್ಲೆ, ರಾಜ್ಯ ಮಟ್ಟಗಳಲ್ಲಿ ಯುವ ಸಂಸತ್ ಸ್ಪರ್ಧೆಗಳು ನಡೆದಿವೆ.

ನಗರಗಳ ದೊಡ್ಡ ಶಾಲೆಗಳಲ್ಲಿ ಮಾದರಿ ವಿಶ್ವಸಂಸ್ಥೆ ಎಂದರೆ ಕೋಟು, ಟೈ, ಇಂಗ್ಲಿಷ್, ಸಾವಿರಾರು ರೂಪಾಯಿ ಶುಲ್ಕ. ಅದನ್ನು ಕಂಡು, ಇದು ನಮ್ಮ ಮಕ್ಕಳಿಗಲ್ಲ ಎಂದು ದೂರ ಸರಿಯಬೇಕಾಗಿಲ್ಲ. ನಮ್ಮ ಸಭೆಗೆ ಬೇಕಾಗುವುದು ಒಂದು ದೊಡ್ಡ ಕೋಣೆ, ಹದಿನೈದಿಪ್ಪತ್ತು ಕುರ್ಚಿ, ಒಂದು ಗಂಟೆ, ಒಂದು ಗಡಿಯಾರ, ಒಂದು ನಕಾಶೆ, ಒಂದಿಷ್ಟು ಬಿಳಿ ಹಾಳೆ. ಭಾಷೆ ಕನ್ನಡ. 1967ರಲ್ಲಿ ನಮ್ಮ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದ ಜೆ.ಎಚ್. ಪಟೇಲರು ಅಲ್ಲಿಯೇ ಕನ್ನಡದಲ್ಲಿ ಮಾತಾಡಿದ್ದರು. ಹಾಗಿರುವಾಗ ಹೊಸನಗರದ ಮಗು ಕನ್ನಡದಲ್ಲಿ ರಾಯಭಾರಿಯಾಗುವುದರಲ್ಲಿ ತಪ್ಪೇನಿದೆ?

ಚರ್ಚಾಸ್ಪರ್ಧೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚರ್ಚಾಸ್ಪರ್ಧೆಯಲ್ಲಿ ಪರ ಮತ್ತು ವಿರೋಧ ಎಂಬ ಎರಡೇ ದಾರಿ. ಭಾಷಣವನ್ನು ಹೆಚ್ಚಾಗಿ ಅಪ್ಪನೋ ಅಕ್ಕನೋ ಬರೆದು ಕೊಡುತ್ತಾರೆ, ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ, ಕಪ್ ಗೆಲ್ಲುತ್ತದೆ. ಎದುರಿನವನು ಏನು ಹೇಳಿದ ಎಂದು ಕೇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ನಮ್ಮ ಮದ್ರಸಗಳಲ್ಲಿ ಗುರುವಾರದ ಅಂಜುಮನ್ ಎಂಬ ಒಳ್ಳೆಯ ರೂಢಿಯಿತ್ತು, ಈಗಲೂ ಅನೇಕ ಕಡೆ ಇದೆ. ಜನರ ಮುಂದೆ ನಿಂತು ತಖ್ರೀರ್ ಮಾಡುವ ಧೈರ್ಯ ನನಗೆ ಬಂದದ್ದು ಅಲ್ಲಿಯೇ. ಆದರೆ ಅಂಜುಮನ್‌ನಲ್ಲಿ ಒಬ್ಬಳು ಮಾತಾಡುತ್ತಾಳೆ, ಉಳಿದವರು ಕೇಳುತ್ತಾರೆ. ಅಣಕು ಸಭೆಯಲ್ಲಿ ಎಲ್ಲರೂ ಮಾತಾಡಬೇಕು, ಎಲ್ಲರೂ ಕೇಳಬೇಕು, ಕೊನೆಗೆ ಎಲ್ಲರೂ ಸಹಿ ಹಾಕಬಹುದಾದ ಒಂದು ಕಾಗದವನ್ನು ಬರೆಯಬೇಕು. ಈ ಕಾಗದವೇ ಸಭೆಯ ಜೀವ.

ನಮ್ಮದೇ ನದಿ, ನಮ್ಮದೇ ಸಭೆ

ಮಕ್ಕಳು ಮೊದಲ ಬಾರಿಗೆ ಕುಳಿತಾಗ ದೂರದ ದೇಶಗಳ ವಿಷಯ ಕೊಟ್ಟರೆ ಪುಸ್ತಕದ ಮಾತುಗಳೇ ಬರುತ್ತವೆ. ಆದ್ದರಿಂದ ನಾವು ಶರಾವತಿಯನ್ನು ಆರಿಸಿಕೊಂಡೆವು. ಈ ನದಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲೂಕನ್ನು ದಾಟಿ, ಸಾಗರ ತಾಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಹಿಂದೆ ನಿಂತು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ನಮ್ಮ ಮೂರೂ ತಾಲೂಕುಗಳನ್ನು ಒಂದು ದಾರದಲ್ಲಿ ಪೋಣಿಸಿದ ಹಾಗೆ!

ಈ ನೀರಿನ ಮೇಲೆ ಹಕ್ಕು ಹೇಳುವವರು ಒಬ್ಬಿಬ್ಬರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಗದ್ದೆ, ತೋಟ, ಮನೆ ಬಿಟ್ಟು ಎದ್ದುಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿ ದಶಕಗಳು ಕಳೆದರೂ ತಾವು ಕುಳಿತ ನೆಲದ ಹಕ್ಕುಪತ್ರಕ್ಕಾಗಿ ಅಲೆದಾಡಿದ್ದಾರೆ. ಇನ್ನೊಂದೆಡೆ ಅದೇ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳು ತಿರುಗುತ್ತವೆ. ಹಿನ್ನೀರಿನ ಆಚೆಗೆ ಉಳಿದುಹೋದ ತುಮರಿ ಭಾಗದ ಜನರು ದಶಕಗಳ ಕಾಲ ಲಾಂಚನ್ನು ನಂಬಿಕೊಂಡು ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ನಮ್ಮ ಜಿಲ್ಲೆ ಜುಲೈ 10ರಂದು ಬಂದ್ ಆಚರಿಸಿತು. ಆಮೇಲೆ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಎದ್ದಿತು. ಅದು ಸಿಂಗಳೀಕಗಳ ಅಭಯಾರಣ್ಯದ ಪ್ರದೇಶ.

ಹೀಗೆ ಒಂದೇ ನದಿಯ ಸುತ್ತ ಹತ್ತು ಪಾತ್ರಗಳು ಸಿಕ್ಕಿದವು. ಮುಳುಗಡೆ ಸಂತ್ರಸ್ತ, ವಿದ್ಯುತ್ ನಿಗಮದ ಇಂಜಿನಿಯರ್, ಅರಣ್ಯಾಧಿಕಾರಿ, ಹೊಸನಗರದ ಅಡಿಕೆ ಬೆಳೆಗಾರ, ಲಾಂಚಿನ ನೌಕರ, ಹೊನ್ನಾವರದ ಮೀನುಗಾರ ಮಹಿಳೆ, ಜೋಗದ ಅಂಗಡಿಯವಳು, ನೀರಿಗಾಗಿ ಟ್ಯಾಂಕರ್ ಕಾಯುವ ಬೆಂಗಳೂರಿನ ಗೃಹಿಣಿ, ಹಣಕಾಸು ಇಲಾಖೆಯ ಅಧಿಕಾರಿ, ಪರಿಸರ ಹೋರಾಟಗಾರ. ಒಂದೊಂದು ಪಾತ್ರಕ್ಕೆ ಇಬ್ಬರು ಮಕ್ಕಳು. ಪಾತ್ರಗಳನ್ನು ಯಾವತ್ತೂ ವೃತ್ತಿ ಮತ್ತು ಬದುಕಿನ ಆಧಾರದಲ್ಲಿ ಹಂಚುತ್ತೇವೆಯೇ ಹೊರತು ಜಾತಿ ಧರ್ಮದ ಆಧಾರದಲ್ಲಿ ಅಲ್ಲ.

ಚೀಟಿ ಎತ್ತುವುದು

ಯಾರಿಗೆ ಯಾವ ಪಾತ್ರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ. ಮಗುವಿನ ಮನೆಯ ಅಭಿಪ್ರಾಯವೇ ಚೀಟಿಯಲ್ಲಿ ಬಂದರೆ ಅದನ್ನು ಮರಳಿ ಹಾಕಿಸಿ ಇನ್ನೊಂದನ್ನು ಎತ್ತಿಸುತ್ತೇವೆ. ಅಡಿಕೆ ಬೆಳೆಗಾರನ ಮಗ ಅಡಿಕೆ ಬೆಳೆಗಾರನಾಗುವಂತಿಲ್ಲ. ಈ ಒಂದು ನಿಯಮದಿಂದ ಆಗುವ ಲಾಭ ಉಳಿದೆಲ್ಲ ನಿಯಮಗಳಿಗಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ.

ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ವಿದ್ಯುತ್ ನಿಗಮದ ಇಂಜಿನಿಯರ್ ಎಂಬ ಚೀಟಿ ಬಂತು. ಅವಳ ದಾದಿ ಹುಟ್ಟಿದ ಹಳ್ಳಿ ಲಿಂಗನಮಕ್ಕಿಯ ನೀರಿನಡಿಯಲ್ಲಿದೆ. ಹುಡುಗಿ ಚೀಟಿ ಹಿಡಿದುಕೊಂಡೇ ನನ್ನ ಬಳಿ ಬಂದಳು. "ಆಪಾ, ಇದನ್ನು ಬದಲಿಸಿ ಕೊಡಿ. ದಾದಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ" ಎಂದಳು. "ಮೊದಲು ದಾದಿಯನ್ನೇ ಕೇಳಿಕೊಂಡು ಬಾ ಮಗಳೇ, ಅವರು ಬೇಡ ಎಂದರೆ ಬದಲಿಸೋಣ" ಎಂದೆ. ಮರುದಿನ ಬಂದವಳು, "ದಾದಿ ಬದಲಿಸುವುದು ಬೇಡ ಅಂದರು. ಆ ಇಂಜಿನಿಯರ್ ಏನು ಹೇಳುತ್ತಾನೋ ನನಗೂ ಕೇಳಬೇಕು ಅಂದರು" ಎಂದು ತಿಳಿಸಿದಳು.

ಅವಳು ಒಂದು ವಾರ ಲೈಬ್ರರಿಯಲ್ಲಿ ಕುಳಿತು ಅಂಕಿ ಅಂಶ ಸಂಗ್ರಹಿಸಿದಳು. ಸಭೆಯ ದಿನ ಎದ್ದು ನಿಂತು, ಈ ನೀರಿನಿಂದ ಬಂದ ಕರೆಂಟಿನಲ್ಲಿ ಎಷ್ಟು ಕಾರ್ಖಾನೆಗಳು, ಆಸ್ಪತ್ರೆಗಳು, ಪಂಪ್‌ಸೆಟ್‌ಗಳು ನಡೆದವು ಎಂದು ವಿವರಿಸಿದಳು. ಮುಳುಗಡೆ ಸಂತ್ರಸ್ತನಾಗಿದ್ದವನು ತೀರ್ಥಹಳ್ಳಿ ಕಡೆಯ ಹುಡುಗ, ಹಿನ್ನೀರು ನೋಡಿಯೇ ಇರದವನು. ಅವನು ಸಭೆಗೆ ಮೊದಲು ಇದೇ ಹುಡುಗಿಯ ದಾದಿಯ ಬಳಿಗೆ ಹೋಗಿ ಎಲ್ಲವನ್ನೂ ಕೇಳಿಕೊಂಡು ಬಂದಿದ್ದ. "ನಮ್ಮ ಮನೆಯ ಅಂಗಳದಲ್ಲಿದ್ದ ಹಲಸಿನ ಮರಕ್ಕೆ ನಿಮ್ಮ ಲೆಕ್ಕದಲ್ಲಿ ಎಷ್ಟು ಬೆಲೆ ಹಾಕಿದ್ದೀರಿ ಮೇಡಂ?" ಎಂದು ಕೇಳಿದ. ಮೊಮ್ಮಗಳಿಗೆ ಆ ಮರದ ಕಥೆ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರಕ್ಕೆ ಬೆಲೆ ಕಟ್ಟುವ ಅಧಿಕಾರ ನನಗಿಲ್ಲ. ಆದರೆ ಮುಂದಿನ ಯೋಜನೆಗೆ ನಕಾಶೆ ಹಾಕುವ ಮೊದಲು ನಿಮ್ಮ ಅಂಗಳಕ್ಕೆ ಬಂದು ಕೇಳುತ್ತೇನೆ ಎಂದು ಬರೆದುಕೊಡಬಲ್ಲೆ" ಎಂದಳು. ಆ ಮಾತು ಹಾಗೆಯೇ ಒಪ್ಪಂದದ ಮೊದಲ ಕಲಮು ಆಯಿತು. ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ದಾದಿ, "ಅವತ್ತು ನಮ್ಮ ಹತ್ತಿರ ಯಾರೂ ಹೀಗೆ ಕೂತು ಮಾತಾಡಲಿಲ್ಲಮ್ಮ" ಎಂದು ಮೆಲ್ಲಗೆ ನನ್ನೊಡನೆ ಹೇಳಿದರು.

ಆ ಹುಡುಗಿಯ ಮನೆಯ ನೋವು ಕಡಿಮೆಯಾಯಿತೆಂದು ನಾನು ಹೇಳುವುದಿಲ್ಲ. ತನ್ನ ನೋವನ್ನು ಬಿಟ್ಟುಕೊಡದೆಯೇ ಎದುರಿನವರ ಲೆಕ್ಕವನ್ನು ಅರ್ಥ ಮಾಡಿಕೊಳ್ಳಬಹುದೆಂದು ಅವಳಿಗೆ ತಿಳಿಯಿತು. ದೊಡ್ಡವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ?

ಸಭೆ ನಡೆಸುವ ಕ್ರಮ

ನಮ್ಮ ಸಭೆಗೆ ಎರಡೂವರೆಯಿಂದ ಮೂರು ಗಂಟೆ ಬೇಕಾಗುತ್ತದೆ. ಒಂದು ವಾರ ಮೊದಲೇ ಚೀಟಿ ಎತ್ತಿಸಿ, ತಯಾರಿಗೆ ಸಮಯ ಕೊಡುತ್ತೇವೆ. ಪುಸ್ತಕ, ಪತ್ರಿಕೆಗಳ ಜೊತೆಗೆ ಆ ಬದುಕು ಬಾಳಿದ ಒಬ್ಬರನ್ನಾದರೂ ಕಂಡು ಮಾತಾಡಿಸಿ ಬರಬೇಕು.

ಸಭೆಯ ದಿನ ಮೊದಲು ಪ್ರತಿ ಪಾತ್ರಕ್ಕೂ ಎರಡು ನಿಮಿಷದ ಹೇಳಿಕೆ. ಗಂಟೆ ಬಾರಿಸಿದರೆ ಅರ್ಧ ವಾಕ್ಯದಲ್ಲಾದರೂ ನಿಲ್ಲಿಸಬೇಕು. ಆಮೇಲೆ ಪ್ರಶ್ನೋತ್ತರ. ಮೂರನೆಯದಾಗಿ ಇಪ್ಪತ್ತು ನಿಮಿಷದ ಬಿಡುವು. ಈ ಬಿಡುವಿನಲ್ಲಿ ಮಕ್ಕಳು ಕುರ್ಚಿ ಬಿಟ್ಟೆದ್ದು, ಚಹಾ ಅವಲಕ್ಕಿ ತಿನ್ನುತ್ತಾ ಇಬ್ಬಿಬ್ಬರು, ಮೂವರು ಮೂವರಾಗಿ ಮಾತಾಡಿಕೊಳ್ಳುತ್ತಾರೆ. ಅನೇಕ ಗಂಟುಗಳು ಇಲ್ಲಿಯೇ ಸಡಿಲವಾಗುತ್ತವೆ. ನಾಲ್ಕನೆಯದಾಗಿ ಒಪ್ಪಂದದ ಕರಡು ಬರೆಯುವುದು. ಪ್ರತಿ ಕಲಮಿನ ಮೇಲೂ ತಿದ್ದುಪಡಿ ಸೂಚಿಸಬಹುದು. ಕೊನೆಗೆ ಮತದಾನ. ಒಪ್ಪದವರು ತಮ್ಮ ಭಿನ್ನಾಭಿಪ್ರಾಯವನ್ನು ಅದೇ ಕಾಗದದ ಕೆಳಗೆ ಬರೆಯಬಹುದು.

ಇನ್ನು ಕೆಲವು ನಿಯಮಗಳು. ಒಬ್ಬರು ಉತ್ತರಿಸುವ ಮೊದಲು, ಎದುರಿನವರು ಹೇಳಿದ್ದನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಬೇಕು. "ಹೌದು, ನಾನು ಹೇಳಿದ್ದು ಇದನ್ನೇ" ಎಂದು ಅವರು ಒಪ್ಪಿದ ಮೇಲೆಯೇ ಉತ್ತರ. ಮೊದಮೊದಲು ಮಕ್ಕಳು ತಡವರಿಸುತ್ತಾರೆ, ಏಕೆಂದರೆ ಅವರು ಕೇಳಿಸಿಕೊಂಡೇ ಇರುವುದಿಲ್ಲ! ಎರಡನೆಯದಾಗಿ, ಮಾತಿನ ಮೇಲೆ ಟೀಕೆ ಮಾಡಬಹುದು, ಮಾತಾಡಿದವರ ಮೇಲೆ ಅಲ್ಲ. ಮೂರನೆಯದಾಗಿ, ಮಾತಾಡುವ ಸರದಿಯಲ್ಲಿ ಒಬ್ಬ ಹುಡುಗನ ನಂತರ ಒಬ್ಬ ಹುಡುಗಿ. ಸಂಕೋಚದಿಂದ ಕೈಯೆತ್ತದ ಮಗು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟರೆ ಅಧ್ಯಕ್ಷರು ಓದಿ ಹೇಳುತ್ತಾರೆ. ಚೀಟಿ ಬರೆದು ಕೊಡುತ್ತಿದ್ದವರು ಮೂರನೆಯ ಸಭೆಯ ಹೊತ್ತಿಗೆ ತಾವೇ ಎದ್ದು ನಿಲ್ಲುವುದನ್ನು ಕಂಡಿದ್ದೇನೆ. ಅಧ್ಯಕ್ಷ ಸ್ಥಾನಕ್ಕೆ ಶಿಕ್ಷಕರು ಕೂರಬಾರದು. ಮಕ್ಕಳೇ ಗಂಟೆಗೊಬ್ಬರಂತೆ ಕೂರಲಿ.

ಕೊನೆಯದು, ಪಾತ್ರ ಕಳಚುವುದು. ಸಭೆ ಮುಗಿದ ಮೇಲೆ ಎಲ್ಲರೂ ವೃತ್ತಾಕಾರದಲ್ಲಿ ಕುಳಿತು ತಮ್ಮ ನಿಜವಾದ ಹೆಸರು ಹೇಳಿ, ಆ ಪಾತ್ರದಿಂದ ತಿಳಿದುಕೊಂಡ ಒಂದು ಸಂಗತಿಯನ್ನು ಹೇಳಬೇಕು. ಇದನ್ನು ಬಿಟ್ಟರೆ ಸಭೆಯ ಜಗಳ ಬಸ್ ಸ್ಟ್ಯಾಂಡಿನ ತನಕ ಹೋಗುತ್ತದೆ.

ಮೊದಲ ಸಭೆ ಚೆನ್ನಾಗಿ ನಡೆದರೆ ಮುಂದಿನದಕ್ಕೆ ವಿಷಯಗಳ ಕೊರತೆಯಿಲ್ಲ. ಅಡಿಕೆಯ ಎಲೆಚುಕ್ಕೆ ರೋಗ, ಮಂಗಗಳ ಹಾವಳಿ, 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾಗಿ ಇಂದಿಗೂ ನಮ್ಮನ್ನು ಬಿಡದ ಮಂಗನ ಕಾಯಿಲೆ. ಆಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ. ಹದಿನೈದು ಕುರ್ಚಿ ಹಾಕಿ, ಐದಕ್ಕೆ ವೀಟೋ ಅಧಿಕಾರ ಕೊಟ್ಟು, ನಿರ್ಣಯ ಪಾಸಾಗಲು ಒಂಬತ್ತು ಮತ ಬೇಕು, ಆ ಐವರಲ್ಲಿ ಒಬ್ಬರೂ ವಿರೋಧಿಸಬಾರದು ಎಂದು ಹೇಳಿ. ಹದಿನಾಲ್ಕು ಮಂದಿ ಒಪ್ಪಿದ್ದನ್ನು ಒಬ್ಬರ ಕೈ ತಡೆದಾಗ ಮಕ್ಕಳ ಮುಖದಲ್ಲಿ ಏಳುವ ಸಿಟ್ಟು ಯಾವ ಪಠ್ಯಪುಸ್ತಕದಿಂದಲೂ ಬಾರದು. ಯುದ್ಧಗಳು ಯಾಕೆ ನಿಲ್ಲುವುದಿಲ್ಲ ಎಂಬ ಅವರ ಪ್ರಶ್ನೆಗೆ ಅರ್ಧ ಉತ್ತರ ಆ ದಿನವೇ ಸಿಗುತ್ತದೆ.

ಈ ಮಣ್ಣಿನ ಪಾಠ

ನಮ್ಮ ಮೂರು ತಾಲೂಕುಗಳಿಗೆ ಸಂವಾದ ಮತ್ತು ಹೋರಾಟದ ದೊಡ್ಡ ಇತಿಹಾಸವಿದೆ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಜಗಳದ ಒಂದು ಮುಖ್ಯ ಕಾರಣವಾಗಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಆ ವರ್ಷದ ಜೂನ್‌ನಲ್ಲಿ ಬಂದು ಬಂಧನಕ್ಕೊಳಗಾದರು. ಮರುವರ್ಷ, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಸಾಗರ ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋಗಿ ಗೇಣಿದಾರರ ದನಿಯಾದರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಜಾರಿಗೆ ಬಂದಾಗ ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಅದೇ ಊರಿನ ಕಾಗೋಡು ತಿಮ್ಮಪ್ಪನವರು 2013ರಿಂದ 2016ರ ತನಕ ವಿಧಾನಸಭೆಯ ಸ್ಪೀಕರ್ ಆಗಿದ್ದರು.

ಕಾಗೋಡಿನ ಕೊಳಗವನ್ನೇ ವಿಷಯವಾಗಿಸಿ ಸಭೆ ನಡೆಸಿದಾಗ ನಾವು ಒಂದು ಪಾತ್ರ ಸೇರಿಸಿದೆವು: ಗೇಣಿದಾರನ ಹೆಂಡತಿ. ಭತ್ತ ಅಳೆದು ಕೊಟ್ಟ ಮೇಲೆ ಮನೆಯ ಪಣತದಲ್ಲಿ ಎಷ್ಟು ಉಳಿಯಿತು, ಮಳೆಗಾಲಕ್ಕೆ ಸಾಲುತ್ತದೆಯೇ ಎಂದು ಲೆಕ್ಕ ಹಾಕಬೇಕಾದವಳು ಅವಳೇ. ಸಭೆಗೆ ಕರೆಯದೇ ಇದ್ದವರು ಯಾರು ಎಂದು ಹುಡುಕಿ ಒಂದು ಕುರ್ಚಿ ಹಾಕುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇವೆ.

ವಾದ ಕಲಿತರೆ ಎದುರು ಮಾತಾಡುವರೇ?

"ಹೆಣ್ಣುಮಕ್ಕಳಿಗೆ ವಾದ ಮಾಡಲು ಕಲಿಸಿದರೆ ನಾಳೆ ಅತ್ತೆ ಮನೆಯಲ್ಲಿ ಎದುರು ಮಾತಾಡುವುದಿಲ್ಲವೇ?" ಎಂದು ಕೆಲವು ತಾಯಂದಿರು ಕೇಳುತ್ತಾರೆ. ಅವರಿಗೆ ನಾನು ಕುರ್‌ಆನಿನ 58ನೆಯ ಅಧ್ಯಾಯವನ್ನು ನೆನಪಿಸುತ್ತೇನೆ. ಗಂಡನಿಂದಾದ ಅನ್ಯಾಯದ ಬಗ್ಗೆ ಪ್ರವಾದಿಯವರ(ಸ) ಮುಂದೆ ವಾದಿಸಿದ ಖೌಲಾ ಬಿನ್ತ್ ಸಅ್‌ಲಬಾರ(ರ) ಘಟನೆಯಿಂದಲೇ ಆ ಅಧ್ಯಾಯಕ್ಕೆ ಅಲ್ ಮುಜಾದಲ ಎಂಬ ಹೆಸರು ಬಂತು. ಅವರ ಮಾತನ್ನು ಯಾರೂ ಎದುರು ಮಾತು ಎಂದು ತಳ್ಳಿಹಾಕಲಿಲ್ಲ.

ಒಪ್ಪಂದ ಎಂದರೇನು ಎಂದು ಕಲಿಸಲು ಹುದೈಬಿಯಾಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಮಹಾನುಭಾವರ ಪಾತ್ರಗಳನ್ನು ಮಕ್ಕಳಿಂದ ಮಾಡಿಸುವುದು ಸಲ್ಲದು, ನಾವು ಮಾಡಿಸುವುದೂ ಇಲ್ಲ. ಆದರೆ ಒಪ್ಪಂದದ ಕಲಮುಗಳನ್ನು ಕರಿಹಲಗೆಯಲ್ಲಿ ಬರೆದು ಒಂದೊಂದಾಗಿ ಚರ್ಚಿಸುತ್ತೇವೆ. ಕ್ರಿ.ಶ. 628ರಲ್ಲಿ ಉಮ್ರಾಕ್ಕೆಂದು ಹೊರಟವರು ಆ ವರ್ಷ ಹಿಂದಿರುಗಬೇಕು, ಮರುವರ್ಷ ಬರಬೇಕು, ಹತ್ತು ವರ್ಷ ಯುದ್ಧವಿಲ್ಲ. ಖುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಅವರು ಅಲ್ಲಾಹನ ಸಂದೇಶವಾಹಕ ಎಂಬ ಪದಕ್ಕೇ ಆಕ್ಷೇಪಿಸಿದಾಗ ಪ್ರವಾದಿಯವರು(ಸ) ಅದನ್ನು ತೆಗೆಯಲು ಒಪ್ಪಿದರು. ಅನುಚರರಿಗೆ ಇದು ಸೋಲಿನಂತೆ ಕಂಡು ದುಃಖವಾಯಿತು. ಬಲಿ ಕೊಟ್ಟು ಕೇಶಮುಂಡನ ಮಾಡಿಸಿಕೊಳ್ಳಿರೆಂಬ ಆದೇಶಕ್ಕೂ ಅವರು ಕೂಡಲೇ ಏಳಲಿಲ್ಲ. ಆಗ, ತಾವೇ ಮೊದಲು ಹೋಗಿ ಅದನ್ನು ಮಾಡಿರೆಂದು ಸಲಹೆ ಕೊಟ್ಟವರು ಪ್ರವಾದಿ ಪತ್ನಿ ಉಮ್ಮು ಸಲಮಾ(ರ). ಆ ಸಲಹೆಯಂತೆ ನಡೆದಾಗ ಎಲ್ಲರೂ ಅನುಸರಿಸಿದರು. ಸುಹೈಲ್ ಕೂಡಾ ಮಕ್ಕಾ ವಿಜಯದ ನಂತರ ಇಸ್ಲಾಮ್ ಸ್ವೀಕರಿಸಿದರು. ಯಾವ ಪದವನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆ ಬಂದಾಗ ಮಕ್ಕಳು ಗಂಟೆಗಟ್ಟಲೆ ಚರ್ಚಿಸುತ್ತಾರೆ.

ಹತ್ತಿರದ ಕಾಲದ ಉದಾಹರಣೆಗಳೂ ಇವೆ. ನಮ್ಮ ಸಂವಿಧಾನ ರಚನಾ ಸಭೆಯಲ್ಲಿದ್ದ ಏಕೈಕ ಮುಸ್ಲಿಮ್ ಮಹಿಳೆ ಬೇಗಂ ಐಝಾಝ್ ರಸೂಲ್. ಧರ್ಮದ ಆಧಾರದ ಪ್ರತ್ಯೇಕ ಮತಕ್ಷೇತ್ರ ಬೇಡವೆಂದು ಅವರು ಸ್ಪಷ್ಟವಾಗಿ ವಾದಿಸಿದ್ದರು. 1947ರಲ್ಲಿ ವಿಶ್ವಸಂಸ್ಥೆಯ ಮಹಿಳಾ ಸ್ಥಾನಮಾನ ಆಯೋಗದಲ್ಲಿ ಭಾರತವನ್ನು ಪ್ರತಿನಿಧಿಸಿದವರು ಬೇಗಂ ಶರೀಫಾ ಹಾಮಿದ್ ಅಲಿ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ಎಲ್ಲ ಪುರುಷರು ಎಂದಿದ್ದುದನ್ನು ಎಲ್ಲ ಮಾನವರು ಎಂದು ಬದಲಿಸಲು ಕಾರಣರಾದವರು ನಮ್ಮ ಹಂಸಾ ಮೆಹ್ತಾ. ಅದೇ ಘೋಷಣೆಯ ಚರ್ಚೆಯಲ್ಲಿ ವಿವಾಹದಲ್ಲಿ ಹೆಣ್ಣಿಗೆ ಸಮಾನ ಹಕ್ಕು ಇರಬೇಕೆಂದು ಗಟ್ಟಿಯಾಗಿ ನಿಂತವರು ಪಾಕಿಸ್ತಾನದ ಪ್ರತಿನಿಧಿ ಬೇಗಂ ಶಾಯಿಸ್ತಾ ಇಕ್ರಾಮುಲ್ಲಾ. ಒಂದು ಪದ ಬದಲಿಸಲು ಎಷ್ಟು ತಯಾರಿ ಬೇಕೆಂದು ಹುಡುಗಿಯರಿಗೆ ತಿಳಿಸಲು ಇಷ್ಟು ಸಾಕು.

ಯಾಕೆ ಈಗ?

2022ರ ಫೆಬ್ರವರಿಯನ್ನು ಸಹೋದರಿಯರು ಮರೆತಿರಲಾರರು. ಶಿರವಸ್ತ್ರದ ವಿವಾದ ಊರೂರಿಗೆ ಹಬ್ಬಿ, ಸರಕಾರ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪುಗಳನ್ನು ಕೊಟ್ಟರು. ಆ ದಿನಗಳಲ್ಲಿ ನಮ್ಮ ಹುಡುಗಿಯರ ಬಗ್ಗೆ ದೇಶವೆಲ್ಲ ಮಾತಾಡಿತು. ಟಿವಿಯಲ್ಲಿ ಗಂಡಸರು ಗಂಡಸರೊಡನೆ ಜಗಳಾಡಿದರು. ಒಂದೇ ಬೆಂಚಿನಲ್ಲಿ ಕುಳಿತು ಟಿಫಿನ್ ಹಂಚಿಕೊಂಡಿದ್ದ ಮಕ್ಕಳು ಗೇಟಿನ ಎರಡು ಬದಿಯಲ್ಲಿ ನಿಂತು ಘೋಷಣೆ ಕೂಗಿದರು. ಅವರನ್ನು ಒಂದು ಮೇಜಿನ ಸುತ್ತ ಕೂರಿಸಿ, ನೀನು ಅವಳ ಮಾತು ಹೇಳು, ಅವಳು ನಿನ್ನ ಮಾತು ಹೇಳಲಿ ಎನ್ನುವವರು ಎಷ್ಟು ಕಡೆ ಇದ್ದರು?

ಅಣಕು ಸಭೆಯಿಂದ ಇಂತಹ ವಿವಾದಗಳು ಬಗೆಹರಿಯುತ್ತವೆ ಎಂಬ ಭ್ರಮೆ ನನಗಿಲ್ಲ. ಆ ವಿಷಯವನ್ನು ನಾವು ಸಭೆಗೆ ತಂದದ್ದೂ ಇಲ್ಲ. ಯಾವ ಮಗುವಿನ ಉಡುಪನ್ನೂ ಊಟವನ್ನೂ ಆರಾಧನೆಯನ್ನೂ ಮತಕ್ಕೆ ಹಾಕಬಾರದು ಎಂಬುದು ನಮ್ಮ ಗಟ್ಟಿಯಾದ ನಿಯಮ. ಮಗುವಿನ ಗೌರವ ಚರ್ಚೆಯ ವಸ್ತುವಲ್ಲ. ಆದರೆ ನೀರಿನ ಬಗ್ಗೆ, ಅಡಿಕೆಯ ಬಗ್ಗೆ, ಕೊಳಗದ ಬಗ್ಗೆ ಜೊತೆಯಾಗಿ ಕುಳಿತು ಒಪ್ಪಂದ ಬರೆದ ಮಕ್ಕಳು ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲರು. ನಾಳೆ ಯಾರಾದರೂ ಅವರನ್ನು ಗೇಟಿನ ಎರಡು ಬದಿಗೆ ನಿಲ್ಲಿಸಲು ಬಂದಾಗ ಆ ಪರಿಚಯ ಸ್ವಲ್ಪವಾದರೂ ಅಡ್ಡ ಬಂದೀತು. ತನಗಾಗಿ ಬೇರೆಯವರು ಮಾತಾಡುವುದನ್ನು ಕಾಯದೆ ತಾನೇ ಶಾಂತವಾಗಿ ಮಾತಾಡಬಲ್ಲ ಹುಡುಗಿಯರು ನಮ್ಮಲ್ಲಿ ಹೆಚ್ಚಾಗಬೇಕು.

ತಾಯಂದಿರು ಏನು ಮಾಡಬಹುದು?

ಇದಕ್ಕೆ ಶಾಲೆಯನ್ನೇ ಕಾಯಬೇಕಾಗಿಲ್ಲ. ವಾರಕ್ಕೊಮ್ಮೆ ಊಟದ ನಂತರ ಅರ್ಧ ಗಂಟೆ ಮನೆಯಲ್ಲೇ ಸಭೆ ಸೇರಿಸಬಹುದು. ಮೊಬೈಲನ್ನು ಯಾರು ಎಷ್ಟು ಹೊತ್ತು ನೋಡಬೇಕು, ಈದ್‌ಗೆ ಎಷ್ಟು ಖರ್ಚು ಮಾಡಬೇಕು, ಪಿಯುಸಿ ಮುಗಿಸಿದ ಅಕ್ಕ ಮುಂದೆ ಎಲ್ಲಿ ಓದಬೇಕು, ಇವೆಲ್ಲ ಒಳ್ಳೆಯ ವಿಷಯಗಳೇ. ಮಗ ಅಮ್ಮಿಯ ಪರವಾಗಿ ಮಾತಾಡಲಿ, ಅಬ್ಬಾ ಮಗಳ ಪರವಾಗಿ ಮಾತಾಡಲಿ. ದಿನಕ್ಕೆ ಎಷ್ಟು ಸಲ ಪಾತ್ರೆ ತೊಳೆಯಬೇಕಾಗುತ್ತದೆ ಎಂದು ಮಗ ಆ ದಿನವಾದರೂ ಎಣಿಸುತ್ತಾನೆ! ಕೊನೆಗೆ ಒಪ್ಪಿದ್ದನ್ನು ಬರೆದು ಗೋಡೆಗೆ ಅಂಟಿಸಿ. ದೊಡ್ಡವರೂ ಅದನ್ನು ಪಾಲಿಸಬೇಕು, ಇಲ್ಲವಾದರೆ ಮಕ್ಕಳು ಎರಡನೆಯ ಸಭೆಗೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತ್‌ಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕಾಗಿದೆ. ಶಾಲೆಯ ಶೌಚಾಲಯ, ಕಾಲುಸಂಕ, ಬಸ್ಸಿನ ಸಮಯ ಮುಂತಾದ ತಮ್ಮ ಕುಂದುಕೊರತೆಗಳನ್ನು ಮಕ್ಕಳು ಅಲ್ಲಿ ನೇರವಾಗಿ ಹೇಳಬಹುದು. ಅಲ್ಲಿ ನಡೆಯುವುದು ಅಣಕು ಸಭೆಯಲ್ಲ, ನಿಜವಾದ ಸಭೆ. ನಿಮ್ಮ ಪಂಚಾಯತ್‌ನಲ್ಲಿ ಅದು ಯಾವಾಗ ಎಂದು ಕೇಳಿ ತಿಳಿದುಕೊಳ್ಳಿ, ಮಗಳನ್ನು ಕಳುಹಿಸಿ, ಸಾಧ್ಯವಾದರೆ ಜೊತೆಗೆ ಹೋಗಿ. ಹೋಗುವ ಮೊದಲು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಸಿ. ಮಗಳು ತನ್ನ ಬೇಡಿಕ��ಯನ್ನು ಹೇಳಲಿ, ನೀವು ಪಂಚಾಯತ್ ಅಧ್ಯಕ್ಷರಾಗಿ ಹಣವಿಲ್ಲ ಎಂದು ಹೇಳಿ. ಆಮೇಲೆ ಪಾತ್ರ ಅದಲು ಬದಲು ಮಾಡಿಕೊಳ್ಳಿ. ಹಣವಿಲ್ಲ ಎನ್ನುವವರ ಕಷ್ಟವೂ ಅವಳಿಗೆ ತಿಳಿಯಲಿ, ಹಣವಿಲ್ಲ ಎಂದಾಗ ಮುಂದಿನ ಪ್ರಶ್ನೆ ಏನು ಕೇಳಬೇಕು ಎಂಬುದೂ ತಿಳಿಯಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಸತ್ಯ ನುಡಿಯುವ ನಾಲಗೆಯನ್ನೂ ಕೇಳಿಸಿಕೊಳ್ಳುವ ಕಿವಿಯನ್ನೂ ಅನುಗ್ರಹಿಸಲಿ.